ಬೀಗರೂ ನನ್ನ ಹಳೆಯ ತಂಡವೂ

ನಮ್ಮ ಬೀಗರ ಬಲಗೈಯ ಕಿರುಬೆರಳು ನಡುಗೆಣ್ಣಿನಿಂದಾಚೆಗೆ ಹೊರಕ್ಕೆ ತಿರುಗಿಕೊಂಡಿತ್ತು. ಇಪ್ಪತ್ತರ ವಯಸ್ಸಿನಲ್ಲಿ ಕಬಡ್ಡಿ ಅಂಕಣದಲ್ಲಿ ಯಾರದೋ ಕಾಲು ಹಿಡಿಯಲು ಹೋಗಿ ಮುರಿದದ್ದು. ಕಟ್ಟು ಹಾಕಿದ ನಾಟಿ ವೈದ್ಯರು ಅದನ್ನು ಕೂರಿಸಿದ್ದೇ ಹಾಗೆ. ಟೀವಿಯ ಕಡೆ ಕೈಚಾಚಿ "ಅಲ್ನೋಡಿ" ಎಂದರೆ ಮಿಕ್ಕ ಬೆರಳುಗಳು ಆಟಗಾರನನ್ನು ತೋರಿಸುತ್ತಿದ್ದವು, ಕಿರುಬೆರಳು ಅಡುಗೆಮನೆಯನ್ನು ತೋರಿಸುತ್ತಿತ್ತು. ಕಾಫಿ ಕೇಳುತ್ತಿದ್ದಾರೆಂದು ತಿಳಿದು ನನ್ನ ಹೆಂಡತಿ ಮೊದಮೊದಲು ಎದ್ದೇಬಿಡುತ್ತಿದ್ದಳು. ಬೆಳ್ಳಿ ಲೋಟದಲ್ಲಿ ಕಾಫಿ ಬರುತ್ತಿತ್ತು. ಬೆಳ್ಳಿ ಲೋಟ ಕೈ ಸುಡುತ್ತದೆ; ಅವರು ಅದನ್ನು ಪಂಚೆಯ ಅಂಚಿನಲ್ಲಿ ಹಿಡಿದು ಏನೂ ಹೇಳದೆ ಕುಡಿಯುತ್ತಿದ್ದರು.

ಅವರು ನಮ್ಮ ಅಳಿಯನ ತಂದೆ. ಮಂಡ್ಯದ ಕಡೆಯ ಹೈಸ್ಕೂಲೊಂದರಲ್ಲಿ ಮೂವತ್ತು ವರ್ಷ ಪಿ.ಟಿ. ಮೇಷ್ಟ್ರಾಗಿ, ಹೆಣ್ಣುಮಕ್ಕಳ ಕಬಡ್ಡಿ ತಂಡ ಕಟ್ಟಿ ನಿವೃತ್ತರಾದವರು. ನಾನು ಮೈಸೂರಿನವನು. ಎಂಬತ್ತರ ದಶಕದಲ್ಲಿ ಸಿಯಾಟಲ್‌ನ ಯೂನಿವರ್ಸಿಟಿಗೆ ಓದಲು ಬಂದು, ಬೆಲ್ವ್ಯೂನಲ್ಲಿ ಮನೆ ಮಾಡಿ, ಇಲ್ಲೇ ನಿವೃತ್ತನೂ ಆದವನು. ಮಗಳು ಹುಟ್ಟಿ ಬೆಳೆದದ್ದು ಇಲ್ಲಿ. ಅವಳೂ ಅಳಿಯನೂ ಕೆಲಸ ಮಾಡುವುದು ಡೆನ್ನಿ ಟ್ರಯಾಂಗಲ್‌ನ ಗಾಜಿನ ಗೋಪುರಗಳಲ್ಲಿ, ಇರುವುದು ಸೌತ್ ಲೇಕ್ ಯೂನಿಯನ್‌ನ ಹದಿನಾಲ್ಕನೆಯ ಮಹಡಿಯಲ್ಲಿ.

ಮದುವೆ ನಡೆದದ್ದು ಮೈಸೂರಿನಲ್ಲಿ. ಆ ಮದುವೆಯ ದಿನದಿಂದ ಬೀಗರು ನಮ್ಮೊಂದಿಗೆ ಮಾತು ಬಿಟ್ಟರು. ಜಗಳವಾಡಿ ಬಿಟ್ಟಿದ್ದರೆ ರಾಜಿಗಾದರೂ ದಾರಿ ಇರುತ್ತಿತ್ತು. "ಚೆನ್ನಾಗಿದೀರಾ, ಊಟ ಆಯ್ತಾ" ಎನ್ನುವುದಕ್ಕಿಂತ ಒಂದಕ್ಷರ ಮುಂದೆ ಹೋಗುತ್ತಿರಲಿಲ್ಲ. ಏನು ತಪ್ಪಾಯಿತೆಂದು ನಾನೂ ನನ್ನ ಹೆಂಡತಿಯೂ ಎರಡು ವರ್ಷ ಹುಡುಕಿದೆವು. ಅವರ ಅಣ್ಣನಿಗೆ ಎರಡನೆಯ ಪಂಕ್ತಿಯಲ್ಲಿ ಎಲೆ ಹಾಕಿದ್ದಕ್ಕೇ ಇರಬೇಕು ಎಂದು ತೀರ್ಮಾನಿಸಿ ಫೋನಿನಲ್ಲಿ ಕ್ಷಮೆಯನ್ನೂ ಕೇಳಿದೆವು. "ಅಯ್ಯೋ, ಅದ್ಯಾವ್ದು" ಎಂದು ಅವರು ಫೋನನ್ನು ಹೆಂಡತಿಯ ಕೈಗೆ ಕೊಟ್ಟರು.

ಬೀಗರೂ ಬೀಗಿತ್ತಿಯೂ ಐದು ತಿಂಗಳಿಗೆಂದು ಇಲ್ಲಿ ಮಗನ ಮನೆಗೆ ಬಂದದ್ದು ಎರಡು ವರ್ಷದ ಹಿಂದೆ, ಆಗಸ್ಟಿನಲ್ಲಿ. ನನ್ನ ಮಗಳು ಕನ್ನಡವನ್ನು ಅರ್ಥ ಮಾಡಿಕೊಂಡು ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು. ಅವರು ಬಂದ ಎರಡನೆಯ ವಾರ ಫೋನ್ ಮಾಡಿ, ಮೊದಲ ಸಲವೆಂಬಂತೆ ಕನ್ನಡದಲ್ಲೇ, "ಅಪ್ಪ, ಮಾವ ನನ್ ಜೊತೆ ಮಾತೇ ಆಡಲ್ಲ. ನಾನೇನ್ ಮಾಡ್ದೆ?" ಎಂದಳು. ನಾವು ಮಾಡಿದ ಯಾವುದೋ ತಪ್ಪಿಗೆ ಅವಳು ಆ ಮನೆಯಲ್ಲಿ ಬೆಲೆ ತೆರುತ್ತಿದ್ದಳು. ಈ ಐದು ತಿಂಗಳಲ್ಲಿ ಸರಿಹೋಗದಿದ್ದರೆ ಇನ್ನು ಜನ್ಮದಲ್ಲಿ ಸರಿಹೋಗುವಂಥದ್ದಲ್ಲ.

ಹೆಂಡತಿ ನನ್ನನ್ನು ಕೂರಿಸಿಕೊಂಡು ಹೇಳಿದಳು: "ರೀ, ಅವರನ್ನ ಪ್ರತಿ ಶನಿವಾರ ಮನೆಗೆ ಕರೆಯೋಣ. ಅವರು ಏನಂದ್ರೂ ನೀವು ಹ್ಞೂಂ ಅನ್ನಿ. ನಿಮ್ಮ ಬುದ್ಧಿ ತೋರಿಸಬೇಡಿ." ಹೆಣ್ಣು ಹೆತ್ತವರ ಭಾಷೆಯಲ್ಲಿ ಇರುವುದು ಆ ಹ್ಞೂಂ ಒಂದೇ ಶಬ್ದ. ನಾನು ಒಪ್ಪಿಕೊಂಡೆ.

ಶನಿವಾರವೆಂದರೆ ನಮ್ಮ ಮನೆಯಲ್ಲಿ ಯೂನಿವರ್ಸಿಟಿಯ ಫುಟ್‌ಬಾಲು. ಕಾಲಿನಿಂದ ಒದೆಯುವುದಲ್ಲ, ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ನುಗ್ಗುವ, ಎಸೆಯುವ ಅಮೆರಿಕದ ಆಟ. ಚೆಂಡು ತಮ್ಮ ಕೈಯಲ್ಲಿದ್ದಾಗ ಆಡುವ ಹನ್ನೊಂದು ಜನರ ಪಡೆಗೆ ಅಫೆನ್ಸ್ ಎನ್ನುತ್ತಾರೆ. ನಾಲ್ಕು ಸಲದೊಳಗೆ ಹತ್ತು ಗಜ ಮುಂದೆ ಹೋದರೆ ಚೆಂಡು ಉಳಿಯಿತು, ಇಲ್ಲವಾದರೆ ಹೋಯಿತು. ನಾನು ವಿದ್ಯಾರ್ಥಿಯಾಗಿದ್ದಾಗಿನ ನಮ್ಮ ತಂಡದ ಅಫೆನ್ಸ್ ಇದೆಯಲ್ಲ, ಅದನ್ನು ಮೀರಿಸಿದ್ದು ಹಿಂದೆ ಬಂದಿರಲಿಲ್ಲ, ಮುಂದೆ ಬರುವುದಿಲ್ಲ ಎನ್ನುವುದು ನನ್ನ ಮತ. ಅವರು ಚೆಂಡು ಎಸೆಯುತ್ತಿದ್ದದ್ದು ಅಪರೂಪ. ಮುಂದೆ ಫುಲ್‌ಬ್ಯಾಕ್ ಎಂಬ ಗುಂಡುಕಲ್ಲಿನಂಥವನು ಎದುರಾಳಿಗಳನ್ನು ಗುದ್ದಿ ದಾರಿ ಮಾಡುತ್ತಿದ್ದ, ಅವನ ಬೆನ್ನಿಗೆ ಅಂಟಿಕೊಂಡು ಚೆಂಡು ಹಿಡಿದವನು ಓಡುತ್ತಿದ್ದ. ಎಲ್ಲಿಗೆ ಬರುತ್ತಾರೆಂದು ಎದುರಾಳಿಗೆ ಗೊತ್ತು, ಆದರೂ ತಡೆಯಲಾಗುತ್ತಿರಲಿಲ್ಲ. ಈಗಿನವರದು ಬೇರೆ ಆಟ. ಮೈದಾನದ ಉದ್ದಗಲಕ್ಕೂ ಹರಡಿಕೊಂಡು ನಿಲ್ಲುತ್ತಾರೆ, ಉಸಿರಾಡಲು ಬಿಡದೆ ಎಸೆಯುತ್ತಲೇ ಇರುತ್ತಾರೆ. ಫುಲ್‌ಬ್ಯಾಕ್ ಎಂಬ ಜಾತಿಯೇ ಹೋಗಿಬಿಟ್ಟಿದೆ.

ಮೊದಲ ಶನಿವಾರ ಬೀಗರು ಮರ್ಯಾದೆಗೆ ಕೂತರು. ಕೇಳಿದ್ದು ಎರಡೇ ಪ್ರಶ್ನೆ: ಗೆರೆ ಎಲ್ಲಿದೆ, ಯಾರನ್ನು ಮುಟ್ಟಿದರೆ ಔಟು. ಎರಡನೆಯ ಶನಿವಾರ ಸೋಫಾದಿಂದಿಳಿದು ನೆಲದ ಮೇಲೆ, ಟೀವಿಗೆ ಮೂರಡಿ ದೂರದಲ್ಲಿ ಚಕ್ಕಳಮಕ್ಕಳ ಹಾಕಿದರು. ಪ್ರತಿ ಸಲ ಚೆಂಡು ನೆಲದಿಂದೇಳುವ ಮುನ್ನ ಅಂಗೈಯಿಂದ ಪರದೆಯ ಮೇಲಿನ ಚೆಂಡನ್ನು ಮುಚ್ಚಿ, "ಓಡ್ತಾರೆ" ಎಂದರು. ಓಡಿದರು. ಮತ್ತೆ ಮುಚ್ಚಿ, "ಈಗ ಎಸೀತಾರೆ" ಎಂದರು. ಎಸೆದರು. ಹತ್ತರಲ್ಲಿ ಎಂಟು ಸಲ ಸರಿ. ನಲವತ್ತು ವರ್ಷದಿಂದ ನೋಡುತ್ತಿರುವ ನನಗೆ ಅರ್ಧದಷ್ಟೂ ಗೊತ್ತಾಗುತ್ತಿರಲಿಲ್ಲ.

"ಹೇಗೆ ಬೀಗರೇ?" ಎಂದೆ.

"ಚೆಂಡ್ ನೋಡ್ಬ್ಯಾಡಿ, ಪಾದ ನೋಡಿ. ಕಣ್ಣು ಸುಳ್ಳೇಳ್ತದೆ, ಕೈ ಸುಳ್ಳೇಳ್ತದೆ. ಪಾದ ಸುಳ್ಳೇಳಕ್ಕಿಲ್ಲ. ಆ ಮುಂದ್ಲೋನು ನೋಡಿ, ಹಿಮ್ಮಡಿ ಎತ್ಕಂಡವ್ನೆ. ಮುಂದುಕ್ಕೆ ನುಗ್ಗೋನು ಅವ್ನು. ಹಿಮ್ಮಡಿ ಊರುದ್ರೆ ಹಿಂದುಕ್ ಸರೀತಾನೆ, ಎಸ್ಯೋರಿಗೆ ಕಾವಲು ನಿಂತ್ಕಳಕ್ಕೆ."

ಮದುವೆಯಾದ ಮೇಲೆ ಅವರು ನನ್ನೊಂದಿಗೆ ಆಡಿದ ಅತ್ಯಂತ ಉದ್ದದ ಮಾತು ಅದು. ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿಯ ಕಣ್ಣು ಒದ್ದೆಯಾದದ್ದನ್ನು ನಾನು ನೋಡಿದೆ.

ಆಮೇಲೆ ಅವರಿಗೆ ಹುಚ್ಚು ಹತ್ತಿತು. ವಾರದ ನಡುವೆಯೂ ಒಬ್ಬರೇ ಬಸ್ಸು ಹತ್ತಿ, ಸರೋವರದ ಮೇಲಿನ ಸೇತುವೆ ದಾಟಿ ಬೆಳಿಗ್ಗೆ ಹತ್ತಕ್ಕೆಲ್ಲ ನಮ್ಮ ಮನೆಯಲ್ಲಿರುತ್ತಿದ್ದರು. ನನ್ನ ಕಾಲದ ತಂಡದ ಆಟಗಳು ಇಂಟರ್ನೆಟ್‌ನಲ್ಲಿ ಸಿಗುತ್ತವೆಂದು ಗೊತ್ತಾಗಿ, "ಎರಡು ತಂಡಾನ ತೂಗೋದಾದ್ರೆ ಎರಡೂ ನೋಡ್ಬೇಕಲ್ಲ ಬೀಗ್ರೆ" ಎಂದು ಒಂದೊಂದಾಗಿ ಹಾಕಿಸಿಕೊಂಡು ನೋಡಿದರು. ನೂರು ಪುಟದ ನೋಟ್‌ಬುಕ್ಕಿನಲ್ಲಿ ಎಡಪುಟ ಹಳೆಯ ತಂಡಕ್ಕೆ, ಬಲಪುಟ ಈಗಿನ ತಂಡಕ್ಕೆ. ಗುಂಡಗಿನ ಅಕ್ಷರದಲ್ಲಿ ಬರೆದದ್ದು ಒಂದು ಪುಟ ನನಗೂ ಕಂಡಿತು: "ಹಳೆಯದು: ಬಲ ಜಾಸ್ತಿ, ಗುಟ್ಟು ಕಡಿಮೆ."

ಮೂರು ವಾರ ನೋಡಿದ ಮೇಲೆ ತೀರ್ಪು ಬಂತು. "ನಿಮ್ದು ಕುಸ್ತಿ, ಇವ್ರುದು ಕಬಡ್ಡಿ. ಕಬಡ್ಡೀಲಿ ಎದುರಾಳಿ ಏಳು ಜನ, ಒಳಗೋಗೋನು ಒಬ್ನೇ. ಬಲದಾಗೆ ಗೆಲ್ಲಕ್ಕಾಯ್ತದಾ? ಅವ್ರ ಕಾಲು ಎತ್ಲಾಗ್ ಇಡ್ಬೇಕು ಅಂತ ಅವ್ರಿಗೇ ಗೊತ್ತಾಗ್ದಂಗ್ ಮಾಡ್ಬೇಕು. ಈ ಹುಡುಗ್ರು ಅದನ್ನೇ ಮಾಡ್ತಾವ್ರೆ. ನಿಮ್ಮ ಹಳೇ ತಂಡಕ್ಕಿಂತ ಇವ್ರ ಅಫೆನ್ಸೇ ಮೇಲು. ಏನಂತೀರಾ?"

ಬಿಸಿತುಪ್ಪ ಗಂಟಲಲ್ಲಿ ನಿಂತಿತು. ನನ್ನ ಬಾಯಿಗೆ ಹತ್ತು ಉತ್ತರ ಬಂದವು. ನವೆಂಬರಿನಲ್ಲಿ ಇಲ್ಲಿ ಸುರಿಯುವ ಮಳೆಗೆ ಚೆಂಡು ಸೋಪಿನ ಹಾಗೆ ಜಾರುತ್ತದೆ, ಆಗ ಎಸೆಯುವವರ ಗತಿಯೇನು ಎಂದು ಕೇಳಬೇಕೆನಿಸಿತು. ಅಡುಗೆಮನೆಯ ಬಾಗಿಲಿನಿಂದ ಹೆಂಡತಿ ನೋಡುತ್ತಿದ್ದಳು. "ಹ್ಞೂಂ ಬೀಗರೇ, ನೀವು ಹೇಳೋದು ಸರಿ" ಎಂದೆ.

ಅವರು ನನ್ನನ್ನು ಒಂದು ಗಳಿಗೆ ನೋಡಿದರು. "ಅಲ್ದೆ, ನಿಮ್ಮ ಆ ಫುಲ್‌ಬ್ಯಾಕು ಇದ್ನಲ್ಲ, ಅವ್ನು ದಂಡ. ಅವ್ನಿಲ್ದಿದ್ರೂ ಓಟ ನಡೀತಿತ್ತು."

ಇಡೀ ಸಿಯಾಟಲ್‌ನಲ್ಲಿ ಆಟ ಬಲ್ಲ ಒಬ್ಬನೂ ಒಪ್ಪದ ಮಾತದು. ನಾನು ಕೋಲೆ ಬಸವನಂತೆ ತಲೆಯಾಡಿಸಿದೆ. "ಹೌದು, ದಂಡವೇ."

ಅವರು ನೋಟ್‌ಬುಕ್ಕು ಮುಚ್ಚಿದರು. ಕಾಫಿ ಅರ್ಧಕ್ಕೇ ಬಿಟ್ಟು, "ಬಸ್ಸಿಗೆ ಹೊತ್ತಾಯ್ತು" ಎಂದು ಎದ್ದು ಹೊರಟರು. ಮುಂದಿನ ಶನಿವಾರ ಬರಲಿಲ್ಲ. ಅದರ ಮುಂದಿನದೂ ಇಲ್ಲ. ಮೊಣಕಾಲು ನೋವು ಎಂದು ಹೇಳಿಕಳಿಸಿದರು. ಮಗಳು ಫೋನ್ ಮಾಡಿ ಏನಂದೆ ಎಂದು ಕೇಳಿದಳು, ಹೆಂಡತಿ ಊಟಕ್ಕೆ ಬಡಿಸುವಾಗಲೆಲ್ಲ ಅದನ್ನೇ ಕೇಳಿದಳು. "ಏನೂ ಅನ್ನಲಿಲ್ಲ ಕಣೆ, ಎಲ್ಲದಕ್ಕೂ ಹ್ಞೂಂ ಅಂದೆ" ಎಂದರೆ ಇಬ್ಬರೂ ನಂಬಲಿಲ್ಲ. ಎರಡು ವರ್ಷದ ಮೌನ ಒಡೆದು ಎರಡು ತಿಂಗಳಾಗಿತ್ತಷ್ಟೆ, ಮತ್ತೆ ಕೂಡಿಕೊಂಡಿತು. ನನಗೆ ನಿಜಕ್ಕೂ ಹೆದರಿಕೆಯಾಯಿತು.

ಅಳಿಯ ಒಳ್ಳೆಯವನು. ಏನೂ ಕೇಳದೆ ನವೆಂಬರಿನ ಒಂದು ಆಟಕ್ಕೆ ಎರಡೇ ಟಿಕೆಟ್ ತಂದು, "ನೀವೂ ಅಪ್ಪನೂ ಹೋಗ್ಬನ್ನಿ ಮಾವ" ಎಂದ. ತಪ್ಪಿಸಿಕೊಳ್ಳುವಂತಿರಲಿಲ್ಲ, ಅವರಿಗೂ ನನಗೂ.

ಅವತ್ತು ಮಳೆ ಬೆಳಿಗ್ಗೆಯಿಂದಲೇ ಹಿಡಿದಿತ್ತು. ಸರೋವರದ ದಡದ ಆ ದೊಡ್ಡ ಬಟ್ಟಲಿನಂಥ ಸ್ಟೇಡಿಯಂ, ನೇರಳೆ ಬಣ್ಣದ ರೇನ್‌ಕೋಟುಗಳ ಸಾಲು, ಬ್ಯಾಂಡಿನ ಸದ್ದು. ಬೀಗರು ಪ್ಯಾಂಟು ತೊಟ್ಟು, ಮಗನ ನೇರಳೆ ಟೋಪಿ ಹಾಕಿಕೊಂಡು, ನನ್ನ ಪಕ್ಕದಲ್ಲಿ ಅಪರಿಚಿತರಂತೆ ಕೂತಿದ್ದರು. "ಚಳಿ ಆಗ್ತಿದೆಯಾ ಬೀಗರೇ?" "ಇಲ್ಲ." ಮೊದಲರ್ಧದ ಮೊದಲರ್ಧ ಇಷ್ಟೇ ಮಾತು.

ಆಮೇಲೆ ಅದು ಬಂತು. ನಮ್ಮವರ ಕೈಲಿ ಚೆಂಡು, ಮೂರನೆಯ ಸಲ, ಬೇಕಾದದ್ದು ಒಂದು ಗಜ. ಒಂದು ಗಜವೆಂದರೆ ಮನುಷ್ಯ ಮುಗ್ಗರಿಸಿ ಬಿದ್ದರೂ ಸಿಗುವಷ್ಟು. ಚೆಂಡು ಎಸೆಯುವ ನಮ್ಮ ಹುಡುಗ, ಕಾಲೇಜಿನ ಮೊದಲ ವರ್ಷದವನು, ಹಿಂದಕ್ಕೆ ಸರಿದು ಆ ಸುರಿಮಳೆಯಲ್ಲಿ ಚೆಂಡು ಎಸೆದ. ಹಿಡಿಯಬೇಕಾದವನ ಅಂಗೈಯಿಂದ ಅದು ಜಾರಿ ಬಿತ್ತು. ನಾನು ಎದ್ದು ನಿಂತಿದ್ದೆ. ನನ್ನ ಬಾಯಿ ನನ್ನ ಮಾತು ಕೇಳಲಿಲ್ಲ.

"ಒಂದು ಗಜ ರೀ, ಒಂದೇ ಒಂದು ಗಜ. ಈ ಮಳೇಲಿ ಯಾರಾದ್ರೂ ಎಸೀತಾರಾ? ನಮ್ಮ ಫುಲ್‌ಬ್ಯಾಕ್ ಇದ್ದಿದ್ರೆ ಕಣ್ಮುಚ್ಕೊಂಡು ಮೂರು ಗಜ ತೆಗೆದುಕೊಡ್ತಿದ್ದ. ಅವನನ್ನ ದಂಡ ಅಂತೀರಲ್ಲ, ನಿಮಗೆ ಆಟ ಏನಾದ್ರೂ ಗೊತ್ತೇನ್ರೀ?"

ಹೇಳಿ ಮುಗಿದ ಮೇಲೆ ಯಾರಿಗೆ ಹೇಳಿದೆನೆಂದು ಹೊಳೆಯಿತು. ಮಗಳ ಮಾವನಿಗೆ, ಮೂವತ್ತು ವರ್ಷ ಮಕ್ಕಳಿಗೆ ಆಟ ಕಲಿಸಿದ ಮೇಷ್ಟ್ರಿಗೆ.

ಅವರು ನಿಧಾನವಾಗಿ ನನ್ನ ಕಡೆ ತಿರುಗಿದರು. ಟೋಪಿಯ ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು. "ಅಂಗನ್ನಿ ಮತ್ತೆ" ಎಂದರು. "ಅವತ್ಯಾಕೆ ಅನ್ಲಿಲ್ಲ? ಆ ಫುಲ್‌ಬ್ಯಾಕ್ ಇಸ್ಯ ನಾನ್ ಬೇಕೂಂತ್ಲೇ ತಪ್ಪೇಳ್ದೆ. ಅವ್ನಿಲ್ದೆ ನಿಮ್ಮ ತಂಡ ಒಂದು ಗಜಾನೂ ಹೋಯ್ತಿರ್ಲಿಲ್ಲ, ಕಣ್ಣಿದ್ದೋನ್ಗೆ ಯಾರ್ಗಾದ್ರೂ ಗೊತ್ತಾಯ್ತದೆ. ನೀವು ಹ್ಞೂಂ ಅಂದ್ಬುಟ್ರಿ. ಹೌದಪ್ಪನ ಚಾವಡೀಲಿ ಕೂತ್ಕಂಡು ಯಾರ ಜೊತೆ ಆಟ ನೋಡ್ಲಿ ನಾನು?"

"ನೀವು ಬೀಗರು. ಎದುರು ಹೇಳೋದು ಹೇಗೆ?"

"ಮದ್ವೇಲೂ ಇಂಗೇ ಮಾಡುದ್ರಿ." ಅವರ ದನಿ ಇಳಿಯಿತು. "ನಾನ್ ಏನ್ ಕೇಳ್ದೆ? ನಾವು ಬಸ್ಸಲ್ಲೇ ಬತ್ತೀವಿ, ನಾನ್ ಕಬಡ್ಡಿ ಕಲ್ಸಿದ್ ಹೆಣ್ಮಕ್ಳು ಜೊತೇಲಿರ್ತಾರೆ, ಅವ್ರ ಜೊತೇಲೇ ಚತ್ರದ ಬಾಗ್ಲಿಗೆ ಬಂದಿಳೀತೀನಿ, ಬ್ಯಾಂಡು ಬ್ಯಾಡ, ಕಾರು ಬ್ಯಾಡ ಅಂದೆ. ಆಗ್ಲಿ ಆಗ್ಲಿ ಅಂದ್ರಿ. ಬಂದ್ ನೋಡುದ್ರೆ ಸರ್ಕಲ್ನಲ್ಲಿ ಬಸ್ ನಿಲ್ಸಿ, ನನ್ನೊಬ್ನೇ ಹೂವಿನ ಕಾರಲ್ಲಿ ಕೂರ್ಸುದ್ರಿ. ನನ್ ಹುಡುಗೀರು ಬ್ಯಾಂಡಿನ ಹಿಂದೆ ಮೂಟೆ ಹೊತ್ಕಂಡು ನಡ್ಕಂಡ್ ಬಂದ್ರು."

ನನಗೆ ಎಲ್ಲ ನೆನಪಾಯಿತು. ಗಂಡಿನ ಕಡೆಯವರು ಬೇಡವೆನ್ನುವುದು ಬಾಯಿಮಾತಿಗೆ, ಮಾಡದಿದ್ದರೆ ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತಾರೆ ಎಂದು ನಮ್ಮ ಹಿರಿಯರೆಲ್ಲ ಹೇಳಿದ್ದರು. ಆ ಕಾರಿಗೆ ಹೂವು ಸಾಲದೆಂದು ಮತ್ತೆ ಎರಡು ಮಾರು ತರಿಸಿದವನು ನಾನೇ.

"ನಾವು ಮರ್ಯಾದೆ ಅಂತ ಮಾಡಿದ್ವಿ ಬೀಗರೇ" ಎಂದೆ.

"ಗೊತ್ತು. ಮರ್ಯಾದೆ ಮಾಡುದ್ರಿ, ಮಾತ್ ಕೇಳ್ಲಿಲ್ಲ. ನಿಮ್ ಮಗ್ಳೂ ಅಂಗೇ. ಮಾವ ಚಪಾತಿ ಚೆನ್ನಾಗಿದ್ಯಾ, ಮಾವ ಏಸಿ ಸಾಕಾ, ಬರೀ ಇದೇಯ. ಒಂದಿನ ನನ್ ಮೇಲೆ ರೇಗಾಡ್ಲಿ, ಆಮೇಲ್ ನೋಡಿ ಎಂಗ್ ಮಾತಾಡ್ತೀನಿ."

ನಾನು ಅವರ ಒದ್ದೆ ಕೈ ಹಿಡಿದುಕೊಂಡು, "ತಪ್ಪಾಯ್ತು. ಆದ್ರೆ ಈ ಅಫೆನ್ಸು ನಮ್ಮ ಹಳೇದಕ್ಕಿಂತ ಮೇಲು ಅನ್ನೋದು ಶುದ್ಧ ಸುಳ್ಳು" ಎಂದೆ. ಅವರು ನಕ್ಕ ನಗುವಿಗೆ ಮುಂದಿನ ಸಾಲಿನ ಹೆಂಗಸು ತಿರುಗಿ ನೋಡಿದಳು.

ಆಮೇಲಿನ ಎರಡು ಗಂಟೆ ನನ್ನ ಬದುಕಿನ ಅತ್ಯುತ್ತಮ ಎರಡು ಗಂಟೆಗಳ ಪಟ್ಟಿಗೆ ಸೇರುತ್ತದೆ. ಪ್ರತಿ ಎಸೆತಕ್ಕೂ ಜಗಳ, ಪ್ರತಿ ಓಟಕ್ಕೂ ಜಗಳ. ಚೆಂಡು ಜಾರಿದಾಗಲೆಲ್ಲ ನಾನು ಮಳೆಯ ಕಡೆ ಕೈ ತೋರಿಸಿದೆ, ಎದುರಾಳಿಗಳು ದಿಕ್ಕುಗೆಟ್ಟಾಗಲೆಲ್ಲ ಅವರು ಪಾದಗಳ ಕಡೆ ತೋರಿಸಿದರು. ಕೊನೆಯ ಎರಡು ನಿಮಿಷಕ್ಕೆ ನಾವು ಹಿಂದಿದ್ದೆವು. ಗೆಲ್ಲಬೇಕಾದರೆ ಮೈದಾನದ ಆ ತುದಿಯಿಂದ ಈ ತುದಿಗೆ ಚೆಂಡು ತರಬೇಕಿತ್ತು. ನನ್ನ ಹಳೆಯ ತಂಡಕ್ಕೆ ಅಷ್ಟು ಬೇಗ ಅಷ್ಟು ದೂರ ಬರಲು ಆಗುತ್ತಿರಲಿಲ್ಲ, ಅದು ನನಗೆ ಗೊತ್ತಿತ್ತು, ಹೇಳಲಿಲ್ಲ. ಆ ಮೊದಲ ವರ್ಷದ ಹುಡುಗ ಆ ಮಳೆಯಲ್ಲೇ ಎಡಕ್ಕೊಂದು, ಬಲಕ್ಕೊಂದು, ನಡುವೆ ಒಂದು ಎಸೆಯುತ್ತ ಬಂದ. ಬೀಗರು ನನ್ನ ತೋಳು ಹಿಡಿದು ಎಸೆತಕ್ಕೆ ಮುಂಚೆಯೇ ದಿಕ್ಕು ಹೇಳುತ್ತಿದ್ದರು: "ಎಡಕ್ಕೆ. ಈಗ ಬಲಕ್ಕೆ. ನೋಡಿ, ಅವ್ರ ಕಾಲು ಎಲ್ ಹೋಯ್ತು ನೋಡಿ." ಇಡೀ ಸ್ಟೇಡಿಯಂ ಎದ್ದು ನಿಂತಿತ್ತು. ಕೊನೆಗೆ ಉಳಿದದ್ದು ಎರಡು ಗಜ, ಒಂದೇ ಅವಕಾಶ.

ಆಗ ನಮ್ಮ ಕೋಚ್ ಒಂದು ಕೆಲಸ ಮಾಡಿದ. ಮುಂದಿನ ಸಾಲಿನ ದೈತ್ಯನೊಬ್ಬನನ್ನು ಕರೆದು, ಚೆಂಡು ಹಿಡಿದು ಓಡುವವನ ಮುಂದೆ ಫುಲ್‌ಬ್ಯಾಕ್ ಜಾಗದಲ್ಲಿ ನಿಲ್ಲಿಸಿದ. ಆ ದೈತ್ಯ ನುಗ್ಗಿದ, ಅವನ ಬೆನ್ನಿಗಂಟಿಕೊಂಡು ಇನ್ನೊಬ್ಬ ಗೆರೆ ದಾಟಿ ಬಿದ್ದ. ಗೆದ್ದೆವು.

"ನೋಡಿದ್ರಾ," ಎಂದು ಕಿರುಚಿದೆ, "ಹಳೇ ಆಟ, ನಮ್ಮ ಆಟ."

"ಎರಡ್ ಗಜ ನಿಮ್ದು," ಎಂದು ಅವರೂ ಕಿರುಚಿದರು, "ಅಲ್ಲೀಗಂಟ ತಂದೋರ್ ಯಾರು?"

ಬಸ್ಸಿನಲ್ಲಿ ಬೆಲ್ವ್ಯೂವರೆಗೂ ಅದೇ ಮಾತು. ಬಾಗಿಲು ತೆರೆದ ನನ್ನ ಹೆಂಡತಿ ನಾವಿಬ್ಬರೂ ಕೈ ಎತ್ತಿ ಕೂಗಾಡುತ್ತ ಬರುವುದನ್ನು ಕಂಡು ಗೋಡೆಗೆ ಒರಗಿಬಿಟ್ಟಳು. ಎಲ್ಲ ಹೋಯಿತೆಂದೇ ಅವಳು ತಿಳಿದದ್ದು. ಬೀಗರು ಶೂ ಬಿಚ್ಚುತ್ತ, "ಅಮ್ಮಾ, ಸ್ಟೀಲ್ ಲೋಟದಲ್ಲಿ ಕಾಫಿ ಕೊಡಿ, ಆ ಬೆಳ್ಳೀದು ಕೈ ಸುಡ್ತದೆ" ಎಂದರು. ಮಗಳಿಗೆ ಆ ಸಂಜೆಯೇ ಎಲ್ಲ ಹೇಳಿದೆ. ಒಂದು ವಾರದ ನಂತರ ಅವಳು, ಪಾತ್ರೆಯ ಮೇಲೆ ಪಾತ್ರೆ ಪೇರಿಸಿಡಬೇಡಿ ಎಂದು ಮಾವನ ಮೇಲೆ ಅರ್ಧ ಕನ್ನಡ ಅರ್ಧ ಇಂಗ್ಲಿಷಿನಲ್ಲಿ ರೇಗಿದಳಂತೆ. ಅವತ್ತಿನಿಂದ ಮಾವ ಸೊಸೆ ಇಬ್ಬರೂ ಸಂಜೆ ವಾಕಿಂಗ್ ಶುರುಮಾಡಿದರು.

ಮಂಡ್ಯಕ್ಕೆ ವಾಪಸಾದ ಮೇಲೂ ಒಂದು ಇಡೀ ಋತು ನಮ್ಮ ಜಗಳ ನಡೆಯಿತು. ಇಲ್ಲಿ ಶನಿವಾರ ಮಧ್ಯಾಹ್ನದ ಆಟ ಅಲ್ಲಿ ಭಾನುವಾರದ ನಸುಕು. ಅವರು ಮುಖ ತೊಳೆದು ಫೋನಿನ ಮುಂದೆ ಕೂರುತ್ತಿದ್ದರು. ನಾನು ಮಳೆಯ ಮಾತೆತ್ತುತ್ತಿದ್ದೆ, ಅವರು ಪಾದದ ಮಾತೆತ್ತುತ್ತಿದ್ದರು. ಒಂದು ಸಲವೂ ಇಬ್ಬರಲ್ಲಿ ಯಾರೂ ಸೋಲಲಿಲ್ಲ.

ಈ ಜೂನ್‌ನಲ್ಲಿ, ಬೆಳಗಿನ ವ್ಯಾಯಾಮ ಮುಗಿಸಿ ಜಗುಲಿಯ ಮೇಲೆ ಕೂತವರು ಹಾಗೇ ಹೋಗಿಬಿಟ್ಟರು. ನಾವು ನಾಲ್ವರೂ ಹೋದೆವು. ಅವರ ಕಬಡ್ಡಿ ಹುಡುಗಿಯರು, ಈಗ ಮಕ್ಕಳ ತಾಯಂದಿರು, ಮೂರು ಊರಿನಿಂದ ಬಂದಿದ್ದರು. ನನ್ನ ಮಗಳು ಅವರ ನಡುವೆ ನಿಂತು ಬಿಕ್ಕಿ ಬಿಕ್ಕಿ ಅತ್ತಳು.

ಈಗ ಮತ್ತೆ ಆಟದ ಋತು. ಆ ಮಳೆಯ ಹುಡುಗನಿಗಿದು ಮೂರನೆಯ ವರ್ಷ. ಈ ಸಲದ ಅಫೆನ್ಸ್ ಆಡುತ್ತಿರುವ ರೀತಿಗೆ ಊರೇ ಹುಚ್ಚೆದ್ದಿದೆ, ನನಗೂ ಶನಿವಾರ ಬರುವವರೆಗೆ ತಡೆಯಲಾಗುವುದಿಲ್ಲ. ಕಳೆದ ವಾರ ಒಬ್ಬನೇ ಕೂತು ನನ್ನ ಕಾಲದ ಒಂದು ಆಟ ಹಾಕಿದೆ. ಚೆಂಡನ್ನು ಅಂಗೈಯಿಂದ ಮುಚ್ಚಿ, ಪಾದಗಳನ್ನೇ ನೋಡಿದೆ. ಆಮೇಲೆ ಈ ವರ್ಷದ ಒಂದು ಆಟವನ್ನೂ ಹಾಗೆಯೇ ನೋಡಿದೆ. ಹಳೆಯ ತಂಡದಲ್ಲಿ ಪ್ರತಿಯೊಂದೂ ಮೊದಲೇ ತಿಳಿಯುತ್ತಿತ್ತು. ಈಗಿನವರ ಪಾದ ನೋಡಿದರೂ ಅರ್ಧ ಸಲ ತಪ್ಪಿದೆ. ಆ ತಂಡ ಅಷ್ಟು ದೊಡ್ಡದಾಗಿ ಕಂಡದ್ದು ಆಗ ನನಗೆ ಇಪ್ಪತ್ತನಾಲ್ಕು ವರ್ಷವಾಗಿದ್ದರಿಂದ, ಈ ಊರಿನಲ್ಲಿ ನನಗೆ ಬೇರೆ ಯಾರೂ ಇಲ್ಲದ್ದರಿಂದ. ಬೀಗರು ಹೇಳಿದ್ದೇ ಸರಿ.

ಹೇಳಲು ಅವರಿಲ್ಲ. ಬೀಗಿತ್ತಿಗೆ ಫೋನ್ ಮಾಡಿದೆ. ಆಟದ ತಲೆಬುಡ ಗೊತ್ತಿಲ್ಲದ ಅವರಿಗೆ, "ಅಮ್ಮಾ, ಈಗಿನ ತಂಡವೇ ಮೇಲು ಅಂತ ಬೀಗರು ಹೇಳ್ತಿದ್ರಲ್ಲ, ಅದು ನಿಜ. ನಾನು ಒಪ್ಕೊಂಡೆ" ಎಂದೆ.

"ಅಣ್ಣಾ," ಎಂದರು, "ನಿಜ್ವಾಗ್ಲೂ ಒಪ್ಕಂಡ್ರಾ, ಇಲ್ಲಾ ಅವ್ರು ಹೋಗ್ಬುಟ್ರಲ್ಲ ಅಂತ ಹ್ಞೂಂ ಅಂತಿದೀರಾ?"

"ನಿಜವಾಗ್ಲೂ ಅಮ್ಮಾ. ನೋಡಿ, ತೂಗಿ ಹೇಳ್ತಿದೀನಿ."

"ಅಂಗಾದ್ರೆ ಒಂದ್ ಮಾತೇಳ್ತೀನಿ. ಮಳೆ ಬಂದ್ರೆ ನಿಮ್ಮ ಹಳೇ ತಂಡಾನೇ ಗೆಲ್ಲೋದು ಅಂತ ಅವ್ರೂ ಅಂತಿದ್ರು. 'ಬೀಗ್ರು ಹೇಳೋದು ಸರಿ, ಆದ್ರೆ ಅವ್ರಿಗ್ ಹೇಳ್ಬ್ಯಾಡ ಕಣೆ, ಹೇಳುದ್ರೆ ಜಗಳ ಮುಗ್ದೋಯ್ತದೆ' ಅಂದಿದ್ರು."